ಸಿಗರೇಟ್ ಬಿಟ್ಟಾಗ ಮೈಗಾಗೋ ಕಾಟ: ಯಾವ್ದು ಯಾಕೆ ಬರುತ್ತೆ, ಯಾವ್ದಕ್ಕೆ ಏನ್ ಮಾಡ್ಬೇಕು

ನಾನು ಡಾಕ್ಟ್ರಲ್ಲ, ಮಂಡ್ಯದಲ್ಲಿ ಮೆಡಿಕಲ್ ಸ್ಟೋರ್ ಇಟ್ಕೊಂಡಿರೋನು, ಒಂದ್ ಕಾಲ್ದಲ್ಲಿ ನಾನೂ ಚೆನ್ನಾಗೇ ಎಳೀತಿದ್ದೆ. ಕೌಂಟರ್ ಹಿಂದೆ ನಿಂತು ನೋಡಿ ನೋಡಿ ಗೊತ್ತಾಗಿರೋದು ಏನಂದ್ರೆ, ಸಿಗರೇಟ್ ಬಿಡಕ್ಕೆ ಹೊರಟೋರು ಬರೀ ಚಟಕ್ಕೆ ಸೋಲಲ್ಲ, ಎಷ್ಟೋ ಜನ ಸೋಲೋದು ಮೋಷನ್ ಸರಿಯಾಗಿ ಆಗ್ಲಿಲ್ಲ ಅಂತ, ತಲೆ ಸಿಡೀತಿದೆ ಅಂತ, ಮೂರು ರಾತ್ರಿ ನಿದ್ದೆ ಇಲ್ಲ ಅಂತ. ಬಂದು "ಅಣ್ಣ, ತಲೆನೋವಿಗೆ ಒಂದ್ ಮಾತ್ರೆ ಕೊಡಿ" ಅಂತಾರೆ, ಮಾತಾಡಿಸಿದ್ರೆ ಆಮೇಲೆ ಬಾಯಿ ಬಿಡ್ತಾರೆ, "ಸಿಗರೇಟ್ ಬಿಟ್ಟು ಮೂರ್ ದಿನ ಆಯ್ತು, ಯಾಕೋ ಮೈಗೆ ಒಗ್ತಾ ಇಲ್ಲ, ಬಿಡಬಾರ್ದಿತ್ತೇನೋ". ಮೂರನೇ ದಿನಾನೇ ಎಲ್ಲಕ್ಕಿಂತ ಕೆಟ್ಟ ದಿನ ಅಂತ ಅವ್ರಿಗೆ ಯಾರೂ ಹೇಳಿರಲ್ಲ. ಅದಕ್ಕೇ ಇಷ್ಟುದ್ದ ಬರೀತಿದೀನಿ, ಬೀಡಿ ಸೇದೋರೂ ಓದ್ಕೊಳಿ, ಬೀಡಿ ಆರಿ ಹೋಗ್ದೇ ಇರ್ಲಿ ಅಂತ ಪದೇ ಪದೇ ಜೋರಾಗಿ ಎಳೀಬೇಕಾಗುತ್ತೆ, ಹಾಗಾಗಿ ಬೀಡೀಲಿ ನಿಕೋಟಿನ್ (ತಂಬಾಕಲ್ಲಿರೋ ಚಟ ಹಿಡಿಸೋ ವಸ್ತು) ಏನೂ ಕಮ್ಮಿ ಹೋಗಲ್ಲ.

ಮೊದ್ಲು ಟೈಮ್ ಲೆಕ್ಕ ತಿಳ್ಕೊಳಿ

ರಕ್ತದಲ್ಲಿರೋ ನಿಕೋಟಿನ್ ಸುಮಾರು 2 ಗಂಟೆಗೊಂದ್ಸಲ ಅರ್ಧಕ್ಕರ್ಧ ಇಳೀತಾ ಹೋಗುತ್ತೆ. ಅದಕ್ಕೇ ಬೆಳಿಗ್ಗೆ ಬಿಟ್ಟೋರಿಗೆ ಮಧ್ಯಾಹ್ನದ ಹೊತ್ತಿಗೆ ಚಡಪಡಿಕೆ ಶುರುವಾಗೋದು. 2ನೇ, 3ನೇ ದಿನ ಕಾಟ ತುದಿಗೆ ಹೋಗುತ್ತೆ, ಆಮೇಲೆ ನಿಧಾನಕ್ಕೆ ಇಳೀತಾ 2ರಿಂದ 4 ವಾರದಲ್ಲಿ ಬಹುಪಾಲು ಮುಗಿಯುತ್ತೆ. ಹಸಿವು ಮಾತ್ರ ಇನ್ನೂ ಸ್ವಲ್ಪ ದಿನ ಜಾಸ್ತಿ ಇರುತ್ತೆ.

ಇದು ನಿಜಾನಾ ಅಂತ ಡೌಟ್ ಇದ್ರೆ ಅಯ್ಯಪ್ಪನ ಮಾಲೆ ಹಾಕೋರನ್ನ ನೋಡಿ. (ಮಾಲೆ ಹಾಕ್ಕೊಂಡೂ ಕದ್ದು ಸೇದೋ ಸ್ವಾಮಿಗಳ ವಿಷ್ಯ ಇಲ್ಲಿ ಬೇಡ.) ಮಂಡಲ ಪೂರ್ತಿ ಕಟ್ಟುನಿಟ್ಟಾಗಿ ಇದ್ದೋರಿಗೆ ನಿಕೋಟಿನ್ ಬಿಟ್ಟ ಕಷ್ಟ ಶಬರಿಮಲೆಗೆ ಹೊರಡೋ ಮುಂಚೇನೇ ಮುಗಿದಿರುತ್ತೆ, ಮೈ ಪೂರ್ತಿ ಒಗ್ಗಿರುತ್ತೆ, ಆದ್ರೂ ಮಾಲೆ ತೆಗೆದ ದಿನಾನೇ ಹಚ್ತಾರೆ, ಅದು ಮೈ ಕೇಳಿದ್ದಕ್ಕಲ್ಲ, ವ್ರತ ಮುಗೀತು ಅನ್ನೋ ಲೆಕ್ಕಕ್ಕೆ. ಅಂದ್ರೆ ನಮ್ಮೂರುಗಳಲ್ಲಿ ಸಾವಿರಾರು ಜನ ಪ್ರತೀ ವರ್ಷ ಅತಿ ಕಷ್ಟದ ಭಾಗ ದಾಟಿ ವಾಪಸ್ ಬರ್ತಿದಾರೆ.

ಬಿಡೋಕೆ ಒಂದ್ ವಾರ ಮುಂಚೆ

ಆಷಾಢ ಕಳೀಲಿ, ಗಣೇಶನ ಹಬ್ಬ ಕಳೀಲಿ, ದಸರಾ ಕಳೀಲಿ ಅಂದ್ರೆ ವರ್ಷಾನೇ ಕಳೆಯುತ್ತೆ, ಹಾಗಾಗಿ ಒಂದ್ ದಿನ ಗೊತ್ತು ಮಾಡ್ಕೊಳಿ. ಮೊದ್ಲ ಮೂರು ದಿನದಲ್ಲಿ ಬೀಗರೂಟ, ಬಾಡೂಟ, ರಾತ್ರಿ ಪಾಳಿ ಬರದ ಹಾಗೆ ನೋಡ್ಕೊಂಡ್ರೆ ಸಾಕು.

ಈ ವಾರದಲ್ಲಿ ಒಂದು ವಿಷ್ಯ ಗಮನಿಸಿ, ಬೆಳಿಗ್ಗೆ ಎದ್ದು ಎಷ್ಟೊತ್ತಿಗೆ ಮೊದಲ್ನೇದು ಹಚ್ತೀರ ಅಂತ. ಎದ್ದ ಅರ್ಧ ಗಂಟೆ ಒಳಗೇ ಬೇಕು ಅಂದ್ರೆ ನಿಮ್ಮ ಮೈ ನಿಕೋಟಿನ್‌ಗೆ ಜೋರಾಗೇ ಅಂಟ್ಕೊಂಡಿದೆ ಅಂತ, ಅಂಥೋರು ಬರಿಗೈಲಿ ಬಿಡ್ತೀನಿ ಅಂತ ಹಠ ಮಾಡೋ ಬದ್ಲು ಡಾಕ್ಟ್ರನ್ನ ನೋಡಿ ಔಷಧಿ ಜೊತೆ ಬಿಡೋದು ವಾಸಿ. ದಿನಕ್ಕೆಷ್ಟು ಅನ್ನೋದಕ್ಕಿಂತ ಈ ಅರ್ಧ ಗಂಟೆ ಲೆಕ್ಕಾನೇ ಮುಖ್ಯ.

ಇನ್ನೊಂದು, ಬೇರೆ ಮಾತ್ರೆ ತಗೊಳ್ತಿರೋರು ದಯವಿಟ್ಟು ಮೊದ್ಲೇ ಡಾಕ್ಟ್ರಿಗೆ ಹೇಳಿ. ಸಿಗರೇಟ್ ಹೊಗೆಯಿಂದ ಲಿವರ್ ಕೆಲವು ಔಷಧಿಗಳನ್ನ ಬೇಗ ಬೇಗ ಕರಗಿಸ್ತಿರುತ್ತೆ, ಸೇದೋದು ನಿಂತ ಮೇಲೆ ಆ ಸ್ಪೀಡ್ ಇಳಿಯುತ್ತೆ, ಆಗ ಅದೇ ಡೋಸು ಜಾಸ್ತಿ ಆಗ್ಬಿಡ್ಬಹುದು. ಉಬ್ಬಸಕ್ಕೆ ಕೊಡೋ ಥಿಯೋಫಿಲಿನ್, ಮಾನಸಿಕ ಕಾಯಿಲೆಗೆ ಕೊಡೋ ಒಲಾಂಜಪಿನ್, ಕ್ಲೋಜಪಿನ್, ರಕ್ತ ತೆಳು ಮಾಡೋ ವಾರ್ಫರಿನ್, ಇವುಗಳ ಡೋಸ್ ಬದಲಾಯಿಸ್ಬೇಕಾಗ್ಬಹುದು. ಇನ್ಸುಲಿನ್ ತಗೊಳೋರು ಶುಗರ್ ಪದೇ ಪದೇ ಚೆಕ್ ಮಾಡ್ಕೊಳಿ. ಇದನ್ನ ಯಾರೂ ಹೇಳ್ದೇ ಇರೋದು ನಂಗೆ ಆಶ್ಚರ್ಯ.

ನಿಕೋಟಿನ್ ಗಮ್: ಜಗಿಯೋದು ಹೇಗೆ ಅಂತ ಗೊತ್ತಿದ್ರೆ ಮಾತ್ರ ಉಪಯೋಗ

ಹೊಗೆ ಇಲ್ದೇ ಸ್ವಲ್ಪ ಸ್ವಲ್ಪ ನಿಕೋಟಿನ್ ಕೊಟ್ಟು ಬಿಟ್ಟ ಕಾಟ ಕಮ್ಮಿ ಮಾಡೋ ಗಮ್ ಇದು. 2 ಎಂಜಿ ಗಮ್ ಚೀಟಿ ಇಲ್ದೇ ಸಿಗುತ್ತೆ, 4 ಎಂಜಿಗೆ ಡಾಕ್ಟರ್ ಚೀಟಿ ಬೇಕು. ತಗೊಂಡೋಗಿ ಎರಡೇ ದಿನಕ್ಕೆ ವಾಪಸ್ ಬಂದು "ಏನ್ ಸಾರ್ ಇದು, ಬಾಯೆಲ್ಲ ಉರಿ, ಬಿಕ್ಕಳಿಕೆ, ವಾಕರಿಕೆ, ಡಬ್ಬಾ ಮಾಲು" ಅಂತ ಬೈಯೋರು ಬಹಳ. ಬಬಲ್ ಗಮ್ ಜಗಿದ ಹಾಗೆ ಚಕಚಕ ಜಗಿದಿರ್ತಾರೆ, ರಸ ಎಲ್ಲ ನುಂಗಿರ್ತಾರೆ, ಹೊಟ್ಟೆಗೆ ಹೋದ ನಿಕೋಟಿನ್ ಕೆಲಸಕ್ಕೆ ಅಷ್ಟಾಗಿ ಬರಲ್ಲ, ಬರೀ ಹೊಟ್ಟೆ ತೊಳೆಸುತ್ತೆ.

ಸರಿಯಾದ ವಿಧಾನ ಹೀಗೆ. ಬಾಯಿಗೆ ಹಾಕ್ಕೊಂಡು ನಿಧಾನಕ್ಕೆ ಜಗೀರಿ, ಖಾರ ಖಾರ, ಚುರುಚುರು ಅನ್ನಕ್ಕೆ ಶುರುವಾದ ತಕ್ಷಣ ನಿಲ್ಸಿ, ಕೆನ್ನೆಗೂ ವಸಡಿಗೂ ಮಧ್ಯೆ ಒತ್ತಿ ಇಟ್ಕೊಳಿ. ಆ ಚುರುಚುರು ಹೋದ ಮೇಲೆ ಮತ್ತೆ ನಾಲ್ಕು ಸಲ ಜಗ್ದು ಇನ್ನೊಂದು ಕಡೆ ಇಟ್ಕೊಳಿ. ಹೀಗೇ ಅರ್ಧ ಗಂಟೆ. ನಿಕೋಟಿನ್ ಬಾಯಿ ಒಳಗಿನ ಚರ್ಮದ ಮೂಲಕ ರಕ್ತಕ್ಕೆ ಹೋಗ್ಬೇಕು, ಅದಕ್ಕೆ ಈ ಕಸರತ್ತು. ಗಮ್ ಹಾಕೋಕೆ 15 ನಿಮಿಷ ಮುಂಚಿಂದ ಕಾಫಿ, ನಿಂಬೆ ಪಾನಕ, ಜ್ಯೂಸ್, ಸೋಡಾ ಏನೂ ಬೇಡ, ಬಾಯಿ ಹುಳಿ ಆದ್ರೆ ನಿಕೋಟಿನ್ ಒಳಗೆ ಹೋಗಲ್ಲ. ಗಮ್ ಬಾಯಲ್ಲಿದ್ದಾಗ ಕೂಡ ಬರೀ ನೀರು.

ಮೊದ್ಲ 6 ವಾರ ಗಂಟೆಗೋ ಎರಡು ಗಂಟೆಗೋ ಒಂದು, ಆಸೆ ಬರೋ ತನಕ ಕಾಯ್ಬೇಡಿ, ಆಮೇಲೆ ಅಂತರ ಜಾಸ್ತಿ ಮಾಡ್ತಾ 12 ವಾರಕ್ಕೆ ನಿಲ್ಸೋ ಲೆಕ್ಕ. ದುಡ್ಡು ಉಳ್ಸೋಣ ಅಂತ ದಿನಕ್ಕೆ ಎರಡೇ ಜಗಿದು "ಕೆಲಸ ಮಾಡ್ಲಿಲ್ಲ" ಅಂದ್ರೆ ಅದು ಗಮ್ ತಪ್ಪಲ್ಲ. ಗರ್ಭಿಣಿಯರು, ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಆದೋರು, ಹಲ್ಲು ಸೆಟ್ ಇರೋರು ಕೇಳಿ ತಗೊಳಿ. ಚರ್ಮಕ್ಕೆ ಅಂಟಿಸ್ಕೊಳೋ ನಿಕೋಟಿನ್ ಪ್ಯಾಚ್ ಇದೆ, ವರೆನಿಕ್ಲಿನ್, ಬುಪ್ರೋಪಿಯಾನ್ ಅನ್ನೋ ಮಾತ್ರೆಗಳೂ ಇವೆ, ಮಾತ್ರೆಗಳು ಡಾಕ್ಟ್ರು ಬರೆದ್ರೆ ಮಾತ್ರ, ಫಿಟ್ಸ್ ಬಂದಿದ್ದೋರಿಗೆ ಬುಪ್ರೋಪಿಯಾನ್ ಆಗಲ್ಲ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಹೊಗೆಸೊಪ್ಪು ಬೆಳೆಯೋರಿಗೆ ಒಂದ್ ಮಾತು. ಇಬ್ಬನಿ ಬಿದ್ದ ಹಸಿ ಸೊಪ್ಪು ಮುರಿಯುವಾಗ ಚರ್ಮದ ಮೂಲಕಾನೇ ನಿಕೋಟಿನ್ ಮೈಗೆ ಹೋಗುತ್ತೆ, ವಾಕರಿಕೆ, ವಾಂತಿ, ತಲೆಸುತ್ತು ಬರುತ್ತೆ. ಅದರ ಮೇಲೆ ಗಮ್ಮೂ ಜಗಿದ್ರೆ ಎರಡೂ ಸೇರ್ಕೊಂಡು ಇನ್ನೂ ಕೆಡುತ್ತೆ, ಇದನ್ನ ಸಿಗರೇಟ್ ಬಿಟ್ಟಿದ್ದಕ್ಕೆ ಆಯ್ತು ಅಂತ ತಿಳ್ಕೋಬೇಡಿ. ತುಂಬು ತೋಳಿನ ಅಂಗಿ, ಗ್ಲೌಸ್ ಹಾಕ್ಕೊಳಿ, ಸೊಪ್ಪಿನ ಮೇಲಿನ ಇಬ್ಬನಿ ಆರಿದ ಮೇಲೆ ಕೆಲಸ ಮಾಡಿ.

ಕಾಫಿ: ಯಾರೂ ಅನುಮಾನ ಪಡ್ದೇ ಇರೋ ಕಳ್ಳ

ಮೈಸೂರು ಕಡೆಯೋರಿಗೆ ಇದು ಕಹಿ ಅನ್ಸುತ್ತೆ, ಆದ್ರೂ ಹೇಳ್ಲೇಬೇಕು. ಮೇಲೆ ಹೇಳಿದ ಲಿವರ್ ಲೆಕ್ಕ ಕಾಫಿಗೂ ಅನ್ವಯಿಸುತ್ತೆ. ಸೇದೋರ ಮೈಯಲ್ಲಿ ಕೆಫೀನ್ ಬೇಗ ಕರಗಿ ಹೋಗ್ತಿರುತ್ತೆ, ಅದಕ್ಕೇ ಅವ್ರು ನಾಲ್ಕು ಲೋಟ ಕುಡಿದ್ರೂ ಆರಾಮಾಗಿ ಮಲಗ್ತಾರೆ. ಸೇದೋದು ನಿಂತ ಕೆಲವೇ ದಿನದಲ್ಲಿ ಆ ವೇಗ ಇಳಿದು, ಅದೇ ನಾಲ್ಕು ಲೋಟಕ್ಕೆ ರಕ್ತದಲ್ಲಿ ಕೆಫೀನ್ ಸುಮಾರು ಎರಡರಷ್ಟು ಆಗುತ್ತೆ. ಆಗ ಏನಾಗುತ್ತೆ? ಕೈ ನಡುಗುತ್ತೆ, ಎದೆ ಡವಡವ ಅನ್ನುತ್ತೆ, ಸುಮ್‌ಸುಮ್ನೆ ಗಾಬ್ರಿ, ರಾತ್ರಿ ಕಣ್ಣು ಪಿಳಿಪಿಳಿ. ನಿಕೋಟಿನ್ ಬಿಟ್ಟಾಗ್ಲೂ ಬಹುತೇಕ ಇದೇ ಆಗೋದು, ಯಾವ್ದು ಯಾವ್ದರಿಂದ ಅಂತ ನಮಗೆ ಗೊತ್ತಾಗಲ್ಲ, ಸಿಗರೇಟ್ ಇಲ್ದೇ ಹೀಗಾಗ್ತಿದೆ ಅಂತ ಅದರ ಮೇಲೇ ಹಾಕ್ತೀವಿ, ಸಮಾಧಾನಕ್ಕೆ ಇನ್ನೊಂದು ಲೋಟ ಕಾಫಿ ಬೇರೆ ಕುಡೀತೀವಿ.

ಹಾಗಂತ ಕಾಫಿಯನ್ನೂ ಅದೇ ದಿನ ಪೂರ್ತಿ ಬಿಡ್ಬೇಡಿ, ಕಾಫಿ ದಿಢೀರ್ ಬಿಟ್ರೆ ಅದರದ್ದೇ ತಲೆನೋವು ಬರುತ್ತೆ, ಎರಡು ಯುದ್ಧ ಒಟ್ಟಿಗೆ ಬೇಡ. ಬಿಡೋ ವಾರದಿಂದ್ಲೇ ಅರ್ಧಕ್ಕೆ ಇಳ್ಸಿ. ಫುಲ್ ಕುಡಿಯೋ ಜಾಗದಲ್ಲಿ ಬೈಟು, ಮನೇಲಿ ಡಿಕಾಕ್ಷನ್ ಕಮ್ಮಿ ಹಾಲು ಜಾಸ್ತಿ, ಸಾಯಂಕಾಲ ನಾಲ್ಕರ ಮೇಲೆ ಬೇಡವೇ ಬೇಡ. ಟೀಗೂ ಇದೇ ರೂಲು. ಗಮ್, ಪ್ಯಾಚ್ ಹಾಕ್ಕೊಂಡಿದೀನಲ್ಲ ಅಂದ್ಕೊಂಡ್ರೂ ಕಾಫಿ ಇಳ್ಸೋದು ತಪ್ಪಲ್ಲ, ಲಿವರ್ ವೇಗ ಹೆಚ್ಚಿಸ್ತಿದ್ದಿದ್ದು ಹೊಗೆಯಲ್ಲಿರೋ ಟಾರು, ನಿಕೋಟಿನ್ ಅಲ್ಲ.

ಮೋಷನ್ ಪ್ರಾಬ್ಲಮ್ಮು

ನಾಚ್ಕೊಂಡು ಮೆಲ್ಲಗೆ ಕೇಳೋ ಸಮಸ್ಯೆ ಇದು. "ಒಂದು ಎಳೆದ್ರೇನೇ ನಂಗೆ ಹೊಟ್ಟೆ ಕ್ಲಿಯರ್ ಆಗೋದು" ಅನ್ನೋದು ನೆಪ ಅಲ್ಲ ಕಣ್ರೀ, ನಿಕೋಟಿನ್ ಕರುಳನ್ನ ಚುರುಕು ಮಾಡುತ್ತೆ, ವರ್ಷಾನುಗಟ್ಟಲೆ ಆ ತಳ್ಳಾಟಕ್ಕೆ ಒಗ್ಗಿದ ಕರುಳು ಅದಿಲ್ದೇ ಕೆಲವು ವಾರ ಸೋಮಾರಿ ಆಗುತ್ತೆ. ಹೊಟ್ಟೆ ಉಬ್ಬರ, ಗ್ಯಾಸು, ಎರಡು ಮೂರು ದಿನ ಆಗ್ದೇ ಇರೋದು, ಅದರಿಂದ ತಲೆ ಭಾರ, ಸಿಡಿಮಿಡಿ. ಇಲ್ಲೇ ಎಷ್ಟೋ ಜನ "ಇವತ್ತೊಂದು ದಿನ" ಅಂತ ಟಾಯ್ಲೆಟ್‌ಗೆ ಸಿಗರೇಟ್ ತಗೊಂಡು ಹೋಗಿ ಮತ್ತೆ ಶುರು ಹಚ್ಕೊಳೋದು.

ಇದಕ್ಕೆ ಬಿಡೋಕೆ ಎರಡು ದಿನ ಮುಂಚೇನೇ ರೆಡಿ ಆಗಿ. ನಮ್ಮ ಕಡೆ ಊಟದಲ್ಲೇ ಮದ್ದಿದೆ, ಸೊಪ್ಪಿನ ಬಸ್ಸಾರು, ಹುರುಳಿಕಾಳು, ರಾಗಿ ಮುದ್ದೆ, ಪರಂಗಿ ಹಣ್ಣು, ಬೀಜದ ಸಮೇತ ಸೀಬೆಕಾಯಿ. ಬಸ್ಸಾರಿನ ಸೊಪ್ಪಿನ ಪಲ್ಯ ಪಕ್ಕಕ್ಕೆ ತಳ್ಳಿ ಬರೀ ಸಾರಲ್ಲಿ ಮುದ್ದೆ ನುಂಗಿದ್ರೆ ಲೆಕ್ಕಕ್ಕಿಲ್ಲ. ಬೆಳಿಗ್ಗೆ ಎದ್ದು ದೊಡ್ಡ ಲೋಟ ಬಿಸಿನೀರು, ತಿಂಡಿ, ತಿಂಡಿ ಆದ ಹತ್ತು ಹದಿನೈದು ನಿಮಿಷಕ್ಕೆ ಬಂದ್ರೂ ಬರ್ದಿದ್ರೂ ಹೋಗಿ ಕೂತ್ಕೊಳಿ. ಹೊಟ್ಟೆಗೆ ಊಟ ಬಿದ್ದಾಗ ಕರುಳು ತಾನಾಗೇ ಅಲ್ಲಾಡುತ್ತೆ, ಅದನ್ನ ಮತ್ತೆ ಅಭ್ಯಾಸ ಮಾಡಿಸ್ಬೇಕು ಅಷ್ಟೇ. ಮೊಬೈಲ್ ಹೊರಗೆ.

ಆಗ್ಲಿಲ್ಲ ಅಂದ್ರೆ ರಾತ್ರಿ ಮಲಗೋ ಮುಂಚೆ ಒಂದೆರಡು ಟೀ ಚಮಚ ಇಸಬ್‌ಗೋಲ್ ಒಂದು ಲೋಟ ನೀರಿಗೆ ಹಾಕಿ ತಕ್ಷಣ ಕುಡೀರಿ, ಅದರ ಹಿಂದೆ ಇನ್ನೊಂದ್ ಲೋಟ ನೀರು. ನೀರು ಕಮ್ಮಿ ಆದ್ರೆ ಅದೇ ಒಳಗೆ ಕಟ್ಕೊಂಡು ಕೂರುತ್ತೆ. ಬೇಧಿ ಮಾತ್ರೆ ದಿನಾ ದಿನಾ ನುಂಗ್ಬೇಡಿ. ಒಂದು ವಾರ ಕಳೆದ್ರೂ ದಾರಿಗೆ ಬರ್ದಿದ್ರೆ, ಇಲ್ಲಾ ರಕ್ತ ಕಾಣ್ಸಿದ್ರೆ ಡಾಕ್ಟ್ರ ಹತ್ರ ಹೋಗಿ.

ತಲೆನೋವು, ತಲೆಸುತ್ತು, ಬೆರಳು ಜುಮ್ಮನ್ನೋದು

ಒಂದು ವಾರದೊಳಗೆ ಹೋಗುವಂಥವು. ನೀರು ಕುಡೀರಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ, ತಡೆಯಕ್ಕಾಗ್ದಿದ್ರೆ ಪ್ಯಾರಾಸಿಟಮಾಲ್ 500 ಒಂದು ತಗೊಳಿ, ಲಿವರ್ ತೊಂದ್ರೆ ಇರೋರು ಮತ್ತು ದಿನಾ ಕುಡಿಯೋರು ಕೇಳಿ ತಗೊಳಿ. ತಲೆ ಸುತ್ತೋ ದಿನ ಬೈಕ್ ಓಡಿಸ್ಬೇಡಿ.

ಬಿಟ್ಟ ಮೇಲೆ ಕೆಮ್ಮು ಜಾಸ್ತಿ ಆಯ್ತಲ್ಲ!

ಎಲ್ರಿಗೂ ಹೀಗಾಗಲ್ಲ, ಆದೋರು ಮಾತ್ರ ಹೆದರ್ಕೊಳ್ತಾರೆ. ಶ್ವಾಸನಾಳದ ಒಳಗೆ ಸಣ್ಣ ಸಣ್ಣ ಕೂದಲಿನಂಥ ಎಳೆಗಳಿರ್ತವೆ, ಕಫ, ಧೂಳು ಎಲ್ಲ ಮೇಲಕ್ಕೆ ಗುಡಿಸಿ ಹಾಕೋದು ಅವುಗಳ ಕೆಲಸ. ಹೊಗೆ ಅವನ್ನ ಮರಗಟ್ಟಿಸಿರುತ್ತೆ, ಬಿಟ್ಟ ಮೇಲೆ ಚೇತರಿಸ್ಕೊಂಡು ಮತ್ತೆ ಗುಡಿಸಕ್ಕೆ ಶುರು ಮಾಡ್ತವೆ, ಆಗ ಕಫ ಬರುತ್ತೆ. ಆದ್ರಿಂದ ಕಫದ ಕೆಮ್ಮನ್ನ ಅಡಗಿಸೋ ಸಿರಪ್ ಕೇಳ್ಬೇಡಿ, ಬರೋದು ಬರ್ಲಿ. ಬಿಸಿನೀರು ಕುಡೀರಿ, ಹಬೆ ತಗೊಳಿ, ರಾತ್ರಿ ಒಂದ್ ಚಮಚ ಜೇನುತುಪ್ಪ, ತಲೆದಿಂಬು ಸ್ವಲ್ಪ ಎತ್ತರ.

ಆದ್ರೆ 2 ವಾರ ಮೀರಿ ಕೆಮ್ಮು ಇದ್ರೆ ಬಿಟ್ಟಿದ್ದಕ್ಕೇ ಬಂದಿದ್ದು ಅಂತ ಸುಮ್ನಿರ್ಬೇಡಿ, ಕಫ ಪರೀಕ್ಷೆ ಮಾಡಿಸಿ, ಸೇದೋರಿಗೆ ಟಿಬಿ ಬರೋ ಸಾಧ್ಯತೆ ಜಾಸ್ತಿ. ಸರ್ಕಾರಿ ಆಸ್ಪತ್ರೇಲಿ ಫ್ರೀ. ಕಫದಲ್ಲಿ ರಕ್ತ ಬಂದ್ರೆ ಎರಡು ವಾರಾನೂ ಕಾಯ್ಬೇಡಿ.

ಬಾಯಿ ಹುಣ್ಣು

ಬಿಟ್ಟ ಮೊದ್ಲ ಒಂದೆರಡು ವಾರದಲ್ಲಿ ತುಂಬಾ ಜನಕ್ಕೆ ಬರುತ್ತೆ. ಬಂದೋರೆಲ್ಲ ಬಿ ಕಾಂಪ್ಲೆಕ್ಸ್ ಕೇಳ್ತಾರೆ, ನಾನೂ ಕೊಡ್ತೀನಿ, ವ್ಯಾಪಾರ ಅಲ್ವಾ, ಆದ್ರೆ ಇದು ವಿಟಮಿನ್ ಕೊರತೆಯಿಂದ ಬಂದಿದ್ದಲ್ಲ. ಉಪ್ಪು ಹಾಕಿದ ಉಗುರು ಬೆಚ್ಚಗಿನ ನೀರಲ್ಲಿ ದಿನಕ್ಕೆ ಮೂರ್ನಾಲ್ಕು ಸಲ ಬಾಯಿ ಮುಕ್ಕಳಿಸಿ, ಖಾರ ಕಮ್ಮಿ ಮಾಡಿ, ಮಜ್ಜಿಗೆ ಕುಡೀರಿ. ಮೂರು ವಾರ ಆದ್ರೂ ಮಾಯ್ದೇ ಇರೋ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆಗೆಯಕ್ಕಾಗ್ದೇ ಇರೋದು, ಇದ್ರಲ್ಲಿ ಯಾವ್ದು ಇದ್ರೂ ದಂತವೈದ್ಯರಿಗೆ ತೋರಿಸ್ಬೇಕು. ಮತ್ತೆ ಬಾಯಿ ಸುಮ್ನಿರಲ್ಲ ಅಂತ ಎಲೆಅಡಿಕೆಗೋ ಪಾನ್ ಮಸಾಲಾಗೋ ಇಳೀಬೇಡಿ, ತಂಬಾಕು ಇಲ್ದಿದ್ರೂ ಬರೀ ಅಡಿಕೆಯಿಂದಾನೇ ಬಾಯಿ ಕ್ಯಾನ್ಸರ್ ಬರುತ್ತೆ. ಬೇಕಾದ್ರೆ ಏಲಕ್ಕಿ, ಸೋಂಪು, ಲವಂಗ ಜೇಬಲ್ಲಿಟ್ಕೊಳಿ.

ನಿದ್ದೆ, ಹಸಿವು

ಮೊದ್ಲ ವಾರ ನಿದ್ದೆ ಮುರೀತಾ ಇರುತ್ತೆ, ಚಿತ್ರವಿಚಿತ್ರ ಕನಸು ಬೀಳುತ್ತೆ, ಸಿಗರೇಟ್ ಸೇದ್ಬಿಟ್ಟೆ ಅಂತ ಕನಸು ಕಂಡು ಬೆಚ್ಚಿ ಏಳೋರೂ ಇದಾರೆ. ಕಾಫಿ ಇಳ್ಸಿದ್ರೆ ಅರ್ಧ ಸರಿಹೋಗುತ್ತೆ. ಪ್ಯಾಚ್ ಹಾಕಿರೋರು ಕನಸು ಕಾಟ ಕೊಟ್ರೆ ಮಲಗುವಾಗ ತೆಗೆದು ಬೆಳಿಗ್ಗೆ ಹೊಸದು ಹಚ್ಕೊಳಿ. ನಿದ್ದೆ ಮಾತ್ರೆ ನಮ್ಮಂಥೋರ ಹತ್ರ ಕೇಳ್ಬೇಡಿ, ಕೊಡಲ್ಲ. ಎಣ್ಣೆ ಹಾಕ್ಕೊಂಡ್ರೆ ನಿದ್ದೆ ಬರುತ್ತೆ ಅನ್ನೋ ಐಡಿಯಾ ಅತ್ಯಂತ ಕೆಟ್ಟದ್ದು, ಎರಡನೇ ಪೆಗ್ಗಿಗೆ ಕೈ ತಾನಾಗೇ ಪ್ಯಾಕ್ ಹುಡುಕುತ್ತೆ, ಮೊದ್ಲ ತಿಂಗ್ಳು ಆ ಕಡೆ ಹೋಗ್ದಿದ್ರೆ ಒಳ್ಳೇದು.

ಹಸಿವು ಜಾಸ್ತಿ ಆಗುತ್ತೆ, ನಿಕೋಟಿನ್ ಅದನ್ನ ಅದುಮಿಟ್ಟಿರುತ್ತೆ, ಮೂಗು ನಾಲಿಗೆ ಬೇರೆ ಚುರುಕಾಗಿ ಮದ್ದೂರು ವಡೆ ವಾಸನೆ ದೂರದಿಂದ್ಲೇ ಬರುತ್ತೆ. ಮೊದ್ಲ ವರ್ಷದಲ್ಲಿ ಸರಾಸರಿ 4ರಿಂದ 5 ಕೆಜಿ ಏರೋದು ಮಾಮೂಲು, ನನ್ನ ಅಭಿಪ್ರಾಯದಲ್ಲಿ ಮೊದ್ಲ ಎರಡು ತಿಂಗ್ಳು ಅದಕ್ಕೆ ತಲೆ ಕೆಡಿಸ್ಕೋಬೇಡಿ, ಡಯೆಟ್ ಆಮೇಲೆ ಮಾಡ್ಬಹುದು. ಸಂಜೆ ಹೊತ್ತಿಗೆ ಕಡ್ಲೆಪುರಿ, ಸೌತೆಕಾಯಿ, ಹುರಿಗಡಲೆ ಕೈಗೆ ಸಿಗೋ ಹಾಗಿಟ್ಕೊಳಿ, ಕೈಗೂ ಕೆಲಸ ಬಾಯಿಗೂ ಕೆಲಸ. ಕಬ್ಬಿನಹಾಲು ಆಗೊಮ್ಮೆ ಈಗೊಮ್ಮೆ ಓಕೆ, ಶುಗರ್ ಇರೋರಿಗೆ ಬೇಡ. ನಡೀರಿ, ಮೈಸೂರಲ್ಲಾದ್ರೆ ಕುಕ್ಕರಹಳ್ಳಿ ಕೆರೆ ಸುತ್ತ, ಮಂಡ್ಯ ಕಡೆ ನಾಲೆ ಏರಿ ಮೇಲೆ, ಅರ್ಧ ಗಂಟೆ ಸಾಕು, ಮೋಷನ್ನಿಗೂ ನಿದ್ದೆಗೂ ಎರಡಕ್ಕೂ ಆಗುತ್ತೆ. ಮೂರನೇ ದಿನಕ್ಕೇ ಚಾಮುಂಡಿ ಬೆಟ್ಟದ ಸಾವಿರ ಮೆಟ್ಲು ಹತ್ತೋ ಹುಮ್ಮಸ್ಸು ಮಾತ್ರ ಬೇಡ.

ಆ ಐದು ನಿಮಿಷ

ಸೇದ್ಬೇಕು ಅನ್ನೋ ಅಲೆ ಬಂದಾಗ ಅದು ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಇಳಿಯುತ್ತೆ, ಸೇದಿದ್ರೂ ಇಳಿಯುತ್ತೆ ಸೇದ್ದಿದ್ರೂ ಇಳಿಯುತ್ತೆ. ಎದೆ ಬಿಗಿ, ಬೆವರು, ಚಡಪಡಿಕೆ ಎಲ್ಲ ಅದರ ಜೊತೇಲೇ ಬರೋದು. ಮೊನ್ನೆ ನಮ್ಮ ಅಂಗಡಿ ಎದುರಿನ ಟೀ ಅಂಗಡೀಲಿ ಒಬ್ಬ ಹುಡ್ಗ, ಬಿಟ್ಟು ನಾಲ್ಕು ದಿನ ಆಗಿತ್ತು, ನಿಂತಿದ್ದ. ಜೊತೇಲಿದ್ದೋನು "ಒಂದೇ ಒಂದು ಎಳ್ಕಳ್ಲಾ, ಏನಾಯ್ತದೆ, ನಾಳೆಯಿಂದ ಬುಟ್ಬುಡೀವಂತೆ" ಅಂತ ಪ್ಯಾಕ್ ಮುಂದೆ ಹಿಡಿದ. ಇವನು ವಾದ ಮಾಡ್ಲಿಲ್ಲ, ಉಪದೇಶ ಮಾಡ್ಲಿಲ್ಲ, ಲೋಟ ಅಲ್ಲೇ ಇಟ್ಟು "ತಡಿಯಣ್ಣ ಬಂದೆ" ಅಂತ ರಸ್ತೆ ದಾಟಿ ಬಂದು ನನ್ ಕೌಂಟರ್ ಮೇಲೆ ಮೊಣಕೈ ಊರಿ ಒಂದು ಬಾಟ್ಲಿ ನೀರು ಗುಟುಕು ಗುಟುಕಾಗಿ ಕುಡಿದ, ಯಾವ್ದೋ ಸೋಪಿನ ರೇಟ್ ಕೇಳ್ದ, ಹೋದ. ಅಷ್ಟೇ ಟೆಕ್ನಿಕ್ಕು. ಜಾಗ ಬಿಡಿ, ನೀರು ಕುಡೀರಿ, ಮೂಗಲ್ಲಿ ಉಸಿರು ಎಳ್ಕೊಂಡು ಬಾಯಲ್ಲಿ ನಿಧಾನವಾಗಿ ಬಿಡಿ, ಕೈಗೆ ಏನಾದ್ರೂ ಕೆಲಸ ಕೊಡಿ. ಬಾಡೂಟ ಆದ್ಮೇಲಂತೂ ಎಲೆ ಮುಂದೆ ಕೂರ್ಲೇಬೇಡಿ, ಎದ್ದು ಕೈ ತೊಳ್ದು ಸೀದಾ ನಡೀರಿ.

ಇವು ಬಂದ್ರೆ ಸಿಗರೇಟ್ ಬಿಟ್ಟಿದ್ದಕ್ಕೆ ಅಂತ ಸುಮ್ನೆ ಕೂರ್ಬೇಡಿ

ಎದೆ ಮಧ್ಯ ಹಿಂಡಿದಂಗೆ ನೋವು, ಎಡಗೈಗೋ ದವಡೆಗೋ ಹರಡೋದು, ತಣ್ಣನೆ ಬೆವರು, ಉಸಿರು ಕಟ್ಟೋದು, ಮುಖ ಸೊಟ್ಟ ಆಗೋದು, ಒಂದು ಕಡೆ ಕೈಕಾಲು ಸೋಲೋದು: 108ಕ್ಕೆ ಫೋನ್ ಮಾಡಿ, ಗ್ಯಾಸ್ಟ್ರಿಕ್ ಮಾತ್ರೆ ಹುಡುಕ್ಕೊಂಡು ನಮ್ಮ ಅಂಗಡಿಗೆ ಬರ್ಬೇಡಿ. ಮೈಸೂರಲ್ಲಿ ಕೆಆರ್‌ಎಸ್ ರಸ್ತೇಲಿ ಹಾರ್ಟ್‌ಗೆ ಜಯದೇವ ಆಸ್ಪತ್ರೆ ಇದೆ, ಮಂಡ್ಯದಲ್ಲಿ ಮಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ. ಮನಸ್ಸು ತೀರಾ ಕುಗ್ಗಿ ಬದುಕೇ ಬೇಡ ಅನ್ಸಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಯಾವ ಹೊತ್ತಲ್ಲಾದ್ರೂ ಮಾಡ್ಬಹುದು, ಕನ್ನಡದಲ್ಲೇ ಮಾತಾಡ್ತಾರೆ.

ಬಿಡೋದಕ್ಕೇ ಅಂತ ಇರೋ ರಾಷ್ಟ್ರೀಯ ಕ್ವಿಟ್‌ಲೈನ್ 1800-11-2356, ಫ್ರೀ, ಕನ್ನಡದಲ್ಲೂ ಸಿಗುತ್ತೆ, ಬಿಡೋ ದಿನ ಫಿಕ್ಸ್ ಮಾಡಿಸಿ ಆಮೇಲೆ ಅವ್ರೇ ವಾಪಸ್ ಫೋನ್ ಮಾಡಿ ವಿಚಾರಿಸ್ಕೊಳ್ತಾರೆ.

ಮಧ್ಯೆ ಒಂದು ಸೇದ್ಬಿಟ್ರೆ

ಪ್ಯಾಕ್‌ನಲ್ಲಿ ಉಳಿದಿದ್ದನ್ನ ನೀರಿಗೆ ಹಾಕಿ, ಗಮ್ ಎಲ್ಲಿಗೆ ನಿಲ್ಸಿದ್ರೋ ಅಲ್ಲಿಂದ್ಲೇ ಮುಂದುವರ್ಸಿ, "ಇನ್ನು ಮುಂದಿನ ಒಂದನೇ ತಾರೀಕಿಂದ" ಅಂತ ಹೊಸ ಮುಹೂರ್ತ ಹುಡುಕ್ಬೇಡಿ. ಯಾಕೆ ಹಚ್ಚಿದ್ದು ಅಂತ ಮಾತ್ರ ಯೋಚ್ನೆ ಮಾಡಿ, ಕಾಫಿ ಜಾಸ್ತಿ ಆಗಿ ಗಾಬ್ರಿ ಆಗಿತ್ತಾ, ಹೊಟ್ಟೆ ಕಟ್ಟಿತ್ತಾ, ಗಮ್ ತಗೊಂಡು ನಾಲ್ಕು ಗಂಟೆ ಆಗಿತ್ತಾ, ಅದೊಂದನ್ನ ಸರಿ ಮಾಡಿ. 12 ವಾರ ಆದ್ರೂ ಗಮ್ ಬಿಡಕ್ಕಾಗ್ತಿಲ್ಲ ಅನ್ನೋರು ಇದಾರೆ, ಅಂಥೋರು ಸಿಗರೇಟ್‌ಗೆ ಹೋಗೋದಕ್ಕಿಂತ ಗಮ್ಮೇ ಮೇಲು, ಡಾಕ್ಟ್ರಿಗೆ ಹೇಳಿ ಇನ್ನೊಂದಿಷ್ಟು ದಿನ ಮುಂದುವರ್ಸ್ಬಹುದು, ದಿನಕ್ಕೊಂದು ಕಮ್ಮಿ ಮಾಡ್ಕೊಂಡು ಬಂದ್ರೆ ಸಾಕು.